ಉದ್ಯಾನದಲ್ಲಿ ಮಕ್ಕಳೊಂದಿಗೆ

ಕಳೆದ ಬೇಸಿಗೆಯ ರಜೆಯಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ನಾವು ಬೆಂಗಳೂರಿನ ಲಾಲ್‌ಬಾಗಿಗೆ ಹೋಗಿದ್ದೆವು. ಸುಮಾರು 240 ಎಕರೆಯ ಆ ಸಸ್ಯೋದ್ಯಾನದಲ್ಲಿ ಹೂಗಳಿಗಿಂತ ಅವರನ್ನು ಸೆಳೆದದ್ದು ಕೆಂಪೇಗೌಡರ ಗೋಪುರವಿರುವ ಹೆಬ್ಬಂಡೆ. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಹೇಳಿದಾಗ ಕಿರಿಯವನು ಬಂಡೆಗೆ ಕೆನ್ನೆಯೊತ್ತಿ, "ಅಜ್ಜಾ, ಇನ್ನೂ ಬಿಸಿ ಇದೆ" ಎಂದನು. ಅದು ಬಿಸಿಲಿನ ಕಾವು. ತಿದ್ದಲು ನಮಗೆ ಮನಸ್ಸಾಗಲಿಲ್ಲ.

ಅರ್ಧ ಗಂಟೆಯ ಬಳಿಕ ಅವನೇ ಮರದ ಮೇಲಿನ ಹೆಜ್ಜೇನಿನ ಗೂಡಿಗೆ ಕಲ್ಲೆತ್ತಿದನು. ಕೈ ಹಿಡಿದುದರಿಂದ ಅನಾಹುತ ತಪ್ಪಿತು. ಕೆಣಕಿದ ಹೆಜ್ಜೇನುಗಳು ಹಿಂಡಾಗಿ ಬಹುದೂರ ಬೆನ್ನಟ್ಟುತ್ತವೆ. ಆಗ ಕೈ ಬೀಸುತ್ತ ನಿಲ್ಲದೆ, ಮುಖ ಮುಚ್ಚಿಕೊಂಡು ಓಡಿ ಕಟ್ಟಡವನ್ನೋ ವಾಹನವನ್ನೋ ಸೇರಬೇಕು, ನೀರಿಗೆ ಧುಮುಕಬಾರದು. ಚರ್ಮದಲ್ಲುಳಿದ ಕೊಂಡಿಯನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು. ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ, ಅಥವಾ ಅನೇಕ ಕಡೆ ಚುಚ್ಚಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ 108ಕ್ಕೆ ಕರೆ ಮಾಡಬೇಕು.

ಪೂಜೆಯ ಬುಟ್ಟಿಯಲ್ಲಿ ದಿನವೂ ಕಾಣುವ ಕಣಗಿಲೆಯ ಎಲೆ, ಹೂ, ತೊಗಟೆ ಎಲ್ಲವೂ ವಿಷವೆಂಬುದನ್ನು ಎಷ್ಟು ಮನೆಗಳಲ್ಲಿ ಮಕ್ಕಳಿಗೆ ತಿಳಿಸಿದ್ದೇವೆ? ಬೇಲಿಯಂಚಿನ ಗುಲಗಂಜಿಯ ಬೀಜವನ್ನು ಅಗಿದು ನುಂಗಿದರೆ ಪ್ರಾಣಾಪಾಯವುಂಟು. ಮುಟ್ಟಲಿ, ಎಣಿಸಲಿ, ಬಣ್ಣ ನೋಡಲಿ. ಬಾಯಿಗೆ ಮಾತ್ರ ಬೇಡ. ಆಮೇಲೆ ಕೈ ತೊಳೆಸಬೇಕು.

ಕೆರೆಯ ದಂಡೆಯಲ್ಲಿ ಕಿರಿಯರು ಕೈಗೆಟಕುವಷ್ಟು ಹತ್ತಿರವಿರಲಿ. ಮುಳುಗುವ ಮಗು ಕೂಗುವುದು ವಿರಳ. ಮೊಬೈಲಿನಲ್ಲಿ ಮಗ್ನರಾದ ಪಾಲಕರನ್ನು ಅಲ್ಲಿ ಕಂಡು ನಮಗೆ ದಿಗಿಲಾಯಿತು.

ಕಲ್ಲು ಕೆಳಗಿಳಿಸಿದ ಮೊಮ್ಮಗನನ್ನು ನಾವು ಗದರಲಿಲ್ಲ. ದೂರದ ಕಲ್ಲುಬೆಂಚಿನ ಮೇಲೆ ಕೂರಿಸಿಕೊಂಡು ಗೂಡನ್ನು ತೋರಿಸಿದೆವು. ಅದರ ಮೈಮೇಲೆ ಅಲೆಯಲೆಯಾಗಿ ಹರಿಯುತ್ತಿದ್ದ ಜೇನುಗಳ ಮಿಂಚನ್ನು ಅವನು ಕಾಲು ಗಂಟೆ ಕದಲದೆ ನೋಡಿದನು.