ಕಪಿಯ ಕೂಗು, ಹಕ್ಕಿಯ ಹಾಡು

ಹಾವೇರಿ ಜಿಲ್ಲೆಯ ಮೇಡ್ಲೇರಿಯಂತಹ ಊರಿನಲ್ಲಿ ಬೇಸಗೆಯ ಮುಂಜಾನೆ ಎದ್ದವರಿಗೆ ಎರಡು ದನಿಗಳು ಹೊಸವಲ್ಲ: ಮಾಳಿಗೆಯಿಂದ ಮಾಳಿಗೆಗೆ ನೆಗೆಯುವ ಮಂಗ್ಯಾನ ಕೂಗು, ಮರದ ತುದಿಯಲ್ಲಿ ಕುಳಿತ ಮಡಿವಾಳ ಹಕ್ಕಿಯ ಹಾಡು. ಇವೆರಡರಲ್ಲಿ ಮನುಷ್ಯನ ಮಾತಿಗೆ ಸಮೀಪವಾದದ್ದು ಯಾವುದು? ಕಪಿಯೇ ಎಂದು ಶ್ರೋತೃಗಳಲ್ಲಿ ಬಹುಮಂದಿ ಹೇಳಿಯಾರು.

ದೇಹವನ್ನು ಮಾತ್ರ ನೋಡುವುದಾದರೆ ಈ ಉತ್ತರವು ಸರಿಯೆ. ಕಪಿಗೂ ನಮ್ಮಂತೆ ಗಂಟಲಿನಲ್ಲಿ ಧ್ವನಿಪೆಟ್ಟಿಗೆಯುಂಟು, ತುಟಿ ನಾಲಗೆಗಳುಂಟು. ಈ ಅಂಗಗಳು ಮಾತಿಗೆ ಸಾಲುವವೆಂದು 2016ರಲ್ಲಿ ಫಿಚ್ ಮೊದಲಾದ ವಿಜ್ಞಾನಿಗಳು ಕ್ಷಕಿರಣಗಳ ನೆರವಿನಿಂದ ತೋರಿಸಿದರು. ಕೊರತೆಯಿರುವುದು ಗಂಟಲಿನಲ್ಲಲ್ಲ, ಮಿದುಳಿನಲ್ಲಿ. 1990ರ ದಶಕದ ಆರಂಭದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರೀಸಸ್ ಕಪಿಯ ಮರಿಗಳನ್ನು ಜಪಾನಿನ ಕಪಿಗಳ ನಡುವೆ ಬೆಳೆಸಿದರು. ಅವು ಸಾಕುತಾಯಿಯ ಕೂಗನ್ನು ಕಲಿಯದೆ ಬಹುಮಟ್ಟಿಗೆ ತಮ್ಮ ಜಾತಿಯ ಕೂಗನ್ನೇ ಕೂಗಿದವು. ಕಪಿಯ ಕಿವಿ ಮಾತ್ರ ಕಲಿಯಬಲ್ಲದು: ನಮ್ಮ ಮಂಗ್ಯಾ ಮುಸುವನ ಎಚ್ಚರಿಕೆಯ ಕೂಗನ್ನೂ ಅರಿತು ಮರವನ್ನೇರುತ್ತದೆ.

ಹಕ್ಕಿಯ ಸಂಗತಿ ಬೇರೆ. ಅದರ ಧ್ವನ್ಯಂಗವಿರುವುದು ಗಂಟಲಿನಲ್ಲಲ್ಲ. ಶ್ವಾಸನಾಳವು ಎರಡಾಗಿ ಕವಲೊಡೆಯುವ ಎಡೆಯಲ್ಲಿ. ಆದರೂ ಹಾಡುಹಕ್ಕಿಯು ನಮ್ಮ ಶಿಶುಗಳಂತೆ ಹಿರಿಯರ ದನಿಯನ್ನು ಕೇಳಿ, ತೊದಲಿ, ತಿದ್ದಿಕೊಂಡು ಕಲಿಯುತ್ತದೆ. 1950ರ ದಶಕದಲ್ಲಿ ಕೇಂಬ್ರಿಜ್‌ನ ಥಾರ್ಪ್ ಎಂಬ ವಿದ್ವಾಂಸರು ಚಾಫಿಂಚ್ ಮರಿಗಳನ್ನು ಏಕಾಂತದಲ್ಲಿ ಬೆಳೆಸಿದಾಗ ಅವು ಸೊಗಸಿಲ್ಲದ, ಅರೆಬರೆ ಹಾಡನ್ನಷ್ಟೇ ಹಾಡಿದವು. ಮಡಿವಾಳವೂ ಈ ಹಾಡುಹಕ್ಕಿಗಳ ವರ್ಗಕ್ಕೇ ಸೇರಿದುದು. ನೆರೆಯ ಹಕ್ಕಿಗಳ ದನಿಯನ್ನು ತನ್ನ ಹಾಡಿನಲ್ಲಿ ಬೆರೆಸುವುದೂ ಅದಕ್ಕೆ ತಿಳಿದಿದೆ.

ಕಲಿತು ಬಂದ ವಿದ್ಯೆಗೆ ಒಂದು ಅಪಾಯವುಂಟು. ಕಲಿಸುವವರಿಲ್ಲದಿದ್ದರೆ ಅದು ಅಳಿಯುತ್ತದೆ. ಆಸ್ಟ್ರೇಲಿಯಾದ ರೀಜೆಂಟ್ ಹನಿಈಟರ್ ಎಂಬ ಹಕ್ಕಿಯ ಸಂಖ್ಯೆ ಬಹಳ ಕುಗ್ಗಿದೆ. ಹಾಡು ಹೇಳಿಕೊಡುವ ಹಿರಿಯರು ಸಿಕ್ಕದೆ ಅದರ ಕೆಲವು ಗಂಡುಗಳು ಬೇರೆ ಜಾತಿಯ ಹಕ್ಕಿಗಳ ದನಿಯನ್ನು ಕಲಿತಿವೆಯೆಂದು 2021ರಲ್ಲಿ ಪ್ರಕಟವಾಯಿತು.

ಕಪಿಯ ಸಂತತಿ ಉಳಿದರೆ ಅದರ ಕೂಗೂ ಉಳಿಯುತ್ತದೆ. ಹಾಡುಹಕ್ಕಿಗೆ ಸಂತತಿಯೊಡನೆ ಪರಂಪರೆಯೂ ಉಳಿಯಬೇಕು. ಆದುದರಿಂದ ಇಂಪಾಗಿ ಹಾಡುವುದೆಂಬ ಕಾರಣಕ್ಕೆ ನಾವು ಒಂದು ಹಕ್ಕಿಯನ್ನು ಹಿಡಿದು ಪಂಜರದಲ್ಲಿಟ್ಟರೆ, ತೋಪಿನಿಂದ ಒಂದು ಹಕ್ಕಿಯನ್ನಷ್ಟೇ ಅಲ್ಲ, ಅಲ್ಲಿನ ಮರಿಗಳ ಉಪಾಧ್ಯಾಯನೊಬ್ಬನನ್ನೂ ಕಸಿದಂತಾಗುತ್ತದೆ.