ಪ್ರಾರ್ಥನಾಸಭೆಯಲ್ಲಿ ವಿಜ್ಞಾನ

2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯು ಶೇಕಡಾ 50.59 ಫಲಿತಾಂಶದೊಡನೆ ನಾಡಿಗೇ ಕಡೆಯದಾಗಿ ನಿಂತುದು ವಿಷಾದದ ಸಂಗತಿ. ಮಕ್ಕಳು ಮಂದಬುದ್ಧಿಗಳೆಂಬ ಮಾತನ್ನು ನಾವು ಒಪ್ಪಲಾರೆವು. ಕಣ್ಣಿಂದ ಕಾಣದುದನ್ನು ಕಂಠಪಾಠ ಮಾಡಿಸುವ ಬೋಧನಕ್ರಮವೂ ಇದಕ್ಕೆ ಹೊಣೆಯೆಂಬುದು ನಮ್ಮ ಅಭಿಪ್ರಾಯ.

ಪ್ರಾತಃಕಾಲದ ಪ್ರಾರ್ಥನೆಗೆ ಶಾಲೆಯೆಲ್ಲವೂ ಒಂದೆಡೆ ಕೂಡುತ್ತದೆ. ವಾರಕ್ಕೊಮ್ಮೆ ಅಲ್ಲಿ ಹತ್ತು ನಿಮಿಷ ವಿಜ್ಞಾನಕ್ಕೆ ಮೀಸಲಾಗಲಿ. ಉಪಕರಣಗಳಿಲ್ಲವೆಂಬ ನೆಪ ಬೇಡ. ಆರಂಭಕ್ಕೆ ಒಂದು ಕೋಲು ಸಾಕು. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ವರ್ಷಕ್ಕೆರಡು ಸಲ, ಮೇ ಮತ್ತು ಆಗಸ್ಟ್ ತಿಂಗಳುಗಳ ಮೊದಲ ವಾರದ ಸುಮಾರಿಗೆ, ಸೂರ್ಯನು ನಡುನೆತ್ತಿಗೆ ಬಂದು, ನೆಟ್ಟ ಕೋಲಿನ ನೆರಳೇ ಇಲ್ಲದಂತಾಗುತ್ತದೆ. ಮೇ ತಿಂಗಳು ರಜೆಯ ಕಾಲ. ಆಗಸ್ಟಿನಲ್ಲಿ ಮೋಡವಿಲ್ಲದಿದ್ದರೆ, ಅಂದು ಹನ್ನೆರಡೂವರೆಯ ಸುಮಾರಿಗೆ ಸಭೆಯನ್ನು ಅಂಗಳದಲ್ಲಿಯೇ ಕರೆಯಬಹುದು.

ಅದೇ ಕೋಲಿನ ನೆರಳಿನಿಂದ ದಿಕ್ಕುಗಳನ್ನು ಗುರುತಿಸಲು ಕಲಿತ ಬಾಲಕರು ಶಹಾಪುರದ ಸಮೀಪದ ವಿಭೂತಿಹಳ್ಳಿಗೆ ಹೋಗಲಿ. ಮೆಡೋಸ್ ಟೇಲರನು 19ನೆಯ ಶತಮಾನದಲ್ಲಿ ವರ್ಣಿಸಿದ ಅಲ್ಲಿಯ ಪ್ರಾಚೀನ ಕಲ್ಲುಸಾಲುಗಳು ಯಾವ ದಿಕ್ಕಿಗಿವೆಯೆಂದು ತಾವೇ ಅಳೆದು, ಮರುವಾರ ಸಭೆಗೆ ತಿಳಿಸಲಿ. ಸುರಪುರದ ಸೀಮೆಯಲ್ಲಿ ಹುಣಸಗಿಯ ಬಳಿಯ ಇಸಾಂಪುರವಿದೆ. ಸುಮಾರು 12 ಲಕ್ಷ ವರ್ಷಗಳ ಹಿಂದೆ ಆದಿಮಾನವನು ಅಲ್ಲಿ ಕಲ್ಲೊಡೆದು ಕೈಗೊಡಲಿಗಳನ್ನು ಮಾಡಿದನೆಂಬುದು ಪ್ರೊ. ಕೆ. ಪದ್ದಯ್ಯನವರ ಉತ್ಖನನದಿಂದ ತಿಳಿದುಬಂದಿತು. ಇಂತಹ ನೆಲದ ಮಕ್ಕಳಿಗೆ ವಿಜ್ಞಾನವು ಪರದೇಶದ ಸರಕೆನ್ನಿಸಬಾರದು.

ಅಧ್ಯಾಪಕ ಮಹಾಶಯರಲ್ಲಿ ನಮ್ಮದೊಂದೇ ವಿನಂತಿ: ಪ್ರಶ್ನೆ ಕೇಳಿದ ಮಗುವನ್ನು ಗದರಿಸದಿರುವುದೇ ಈ ಸಭೆಯ ಮೊದಲ ನಿಯಮವಾಗಲಿ. ಅದಕ್ಕೆ ಸರಕಾರದ ಅಪ್ಪಣೆಯೂ ಬೇಡ, ಹಣವೂ ಬೇಡ.