ಸಹಕಾರ ಸಂಘದ ಲಾಭವೂ ಆಸ್ತಿಯ ನಿಜವಾದ ಬೆಲೆಯೂ

ಪ್ರತಿ ವರ್ಷವೂ ಮಾರ್ಚ್ 31ನೆಯ ತಾರೀಖಿಗೆ ಗ್ರಾಮ ಸಹಕಾರ ಸಂಘಗಳ ಲೆಕ್ಕದ ವರ್ಷವು ಮುಗಿಯುವುದು. ತರುವಾಯ ಕೆಲವು ದಿನಗಳಲ್ಲಿ ಕಾರ್ಯದರ್ಶಿಯು ಅಢಾವೆ ಪತ್ರಿಕೆಯನ್ನು ಸಿದ್ಧಪಡಿಸಿ ಆಡಳಿತ ಮಂಡಲಿಯ ಮುಂದಿಡುವನು. ಅದರ ಕೊನೆಯಲ್ಲಿ “ಈ ವರ್ಷದ ಲಾಭ” ಎಂಬ ಒಂದು ಮೊತ್ತವು ಕಾಣುವುದು. ಮೊತ್ತವು ದೊಡ್ಡದಾಗಿದ್ದರೆ ಎಲ್ಲರೂ ಸಂತೋಷಪಟ್ಟು, ಷೇರಿಗೆ ಎಷ್ಟು ಡಿವಿಡೆಂಡು ಹಂಚಬಹುದೆಂದು ಆಲೋಚಿಸುವರು. ಆದರೆ ಆ ಲಾಭವು ಹೇಗೆ ಬಂದಿತು, ಸಂಘದ ಸಾಲಕ್ಕೂ ದಾಸ್ತಾನಿಗೂ ಯಂತ್ರಕ್ಕೂ ಯಾವ ಆಧಾರದ ಮೇಲೆ ಬೆಲೆ ಕಟ್ಟಲಾಯಿತು ಎಂದು ಕೇಳುವವರು ವಿರಳ. ಸಂಘಗಳು ಕೆಡುವುದಕ್ಕೆ ಕಳವು ಒಂದೇ ಕಾರಣವಲ್ಲ. ಇಲ್ಲದ ಬೆಲೆಯನ್ನು ಇದೆಯೆಂದು ಬರೆದುಕೊಂಡು, ಬಾರದ ಲಾಭವನ್ನು ಹಂಚಿಕೊಳ್ಳುವುದರಿಂದಲೂ ಅವು ಮೆಲ್ಲಮೆಲ್ಲನೆ ಕೃಶವಾಗುವುವು. ಊರಿನ ಯಜಮಾನರೂ ಹಿಡುವಳಿದಾರರೂ ಇಂಥ ಸಂಘಗಳ ನಿರ್ದೇಶಕರಾಗಿರುವುದರಿಂದ ಈ ವಿಷಯವನ್ನು ತಿಳಿದಿರುವುದು ಅವಶ್ಯಕ.

ಹಿಂದಿನವರ ಎಚ್ಚರಿಕೆ

ಹಿಂದೂಸ್ಥಾನದಲ್ಲಿ ಸಹಕಾರ ಸಾಲ ಸಂಘಗಳ ಮೊದಲನೆಯ ಕಾಯಿದೆಯು 1904ರಲ್ಲಿ ಜಾರಿಗೆ ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳ ಗ್ರಾಮದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಸ್ಥಾಪಿಸಿದರು. ಆ ಕಾಯಿದೆಯಲ್ಲಿ ಗ್ರಾಮಾಂತರ ಸಂಘಗಳ ವಿಷಯದಲ್ಲಿ ಎರಡು ಕಠಿಣವಾದ ನಿಯಮಗಳಿದ್ದುವು. ಸಂಘದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ಸಾಮಾನ್ಯವಾಗಿ ಮಿತಿಯಿಲ್ಲದೆ ಜವಾಬ್ದಾರನಾಗಿದ್ದನು. ಮತ್ತು ಲಾಭವೆಲ್ಲವೂ ಸಾಧಾರಣವಾಗಿ ಕಾಯ್ದಿಟ್ಟ ನಿಧಿಗೇ ಸೇರಬೇಕಾಗಿತ್ತು. ತನ್ನ ಮನೆಮಠಕ್ಕೇ ಹೊಣೆ ತಗಲುವುದಿದ್ದುದರಿಂದ ನೆರೆಯವನ ಸಾಲವು ಒಳ್ಳೆಯದೋ ಕೆಟ್ಟದ್ದೋ ಎಂದು ಸದಸ್ಯರೇ ವಿಚಾರಿಸುತ್ತಿದ್ದರು.

ಕ್ರಮೇಣ ಈ ಬಿಗಿಯು ಸಡಿಲವಾಯಿತು. 1912ರ ಕಾಯಿದೆಯು ನಿವ್ವಳ ಲಾಭದ ಕಾಲುಭಾಗವನ್ನು ನಿಧಿಗೆ ಸೇರಿಸಬೇಕೆಂದು ವಿಧಿಸಿತು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ ಮೇರೆಗೂ ಕನಿಷ್ಠ ನೂರಕ್ಕೆ 25ರಷ್ಟು ಲಾಭವು ನಿಧಿಗೆ ಹೋಗತಕ್ಕದ್ದು. ಮಿಕ್ಕದ್ದರಲ್ಲಿ ನಿಯಮಾನುಸಾರ ಡಿವಿಡೆಂಡು ಕೊಡಬಹುದು. ಹಂಚಲು ಅವಕಾಶವಿರುವಲ್ಲಿ ಲಾಭವನ್ನು ದೊಡ್ಡದಾಗಿ ತೋರಿಸುವ ಆಶೆಯೂ ಇರುವುದು ಸಹಜ.

ಇನ್ನೊಂದು ಸಂಗತಿಯನ್ನು ಮರೆಯಲಾಗದು. ಬ್ಯಾಂಕುಗಳಲ್ಲಿರುವ ಠೇವಣಿಗೆ ಒಬ್ಬೊಬ್ಬರಿಗೆ 5 ಲಕ್ಷ ರೂಪಾಯಿಗಳವರೆಗೆ ವಿಮೆಯುಂಟು. ಈ ಮಿತಿಯು 2020ರಲ್ಲಿ ಏರ್ಪಟ್ಟಿತು. ಪ್ರಾಥಮಿಕ ಸಹಕಾರ ಸಂಘದ ಠೇವಣಿಗೆ ಆ ವಿಮೆಯು ಅನ್ವಯಿಸುವುದಿಲ್ಲ. ಕೂಲಿಯಿಂದ ಉಳಿಸಿದ ಹಣವನ್ನು ಸಂಘದಲ್ಲಿಟ್ಟಿರುವ ವಿಧವೆಗೆ ಸಂಘದ ಲೆಕ್ಕದ ಸತ್ಯವೊಂದೇ ರಕ್ಷಣೆ.

ಒಂದು ಉದಾಹರಣೆ

ವಿಷಯವನ್ನು ಸ್ಪಷ್ಟಪಡಿಸುವುದಕ್ಕಾಗಿ ಒಂದು ಸಂಘವನ್ನು ಕಲ್ಪಿಸಿಕೊಳ್ಳಬಹುದು. ಅದರ ಅಢಾವೆಯು ಹೀಗಿದೆಯೆಂದು ಭಾವಿಸತಕ್ಕದ್ದು.

ಕೊಡಬೇಕಾದ ಬಾಬುಗಳು:
ಸದಸ್ಯರ ಠೇವಣಿ — 36,00,000 ರೂ.
ಷೇರು ಬಂಡವಾಳ — 7,00,000 ರೂ.
ಕಾಯ್ದಿಟ್ಟ ನಿಧಿ — 3,00,000 ರೂ.
ಈ ವರ್ಷದ ಲಾಭ — 3,00,000 ರೂ.
ಒಟ್ಟು — 49,00,000 ರೂ.

ಆಸ್ತಿಯ ಬಾಬುಗಳು:
ಸದಸ್ಯರಿಂದ ಬರಬೇಕಾದ ಸಾಲ — 32,00,000 ರೂ.
ಬರಬೇಕಾದ ಬಡ್ಡಿ — 2,60,000 ರೂ.
ಭತ್ತದ ದಾಸ್ತಾನು — 4,00,000 ರೂ.
ಟ್ರ್ಯಾಕ್ಟರು — 8,00,000 ರೂ.
ನಗದು ಮತ್ತು ಬ್ಯಾಂಕಿನ ಶಿಲ್ಕು — 2,40,000 ರೂ.
ಒಟ್ಟು — 49,00,000 ರೂ.

ಎರಡು ಕಡೆಯ ಮೊತ್ತವೂ ಸರಿಯಾಗಿದೆ, ಕೂಡುವುದರಲ್ಲಿ ತಪ್ಪಿಲ್ಲ. ಆದರೆ ಕೂಡಿಸಿದ ಅಂಕಿಗಳು ನಿಜವೇ ಎಂಬುದನ್ನು ಮೊತ್ತವು ಹೇಳಲಾರದು. ಆದುದರಿಂದ ಒಂದೊಂದು ಬಾಬನ್ನೂ ಪರೀಕ್ಷಿಸಬೇಕು.

1. ಬಡ್ಡಿ. ಬರಬೇಕಾದ 2,60,000 ರೂಪಾಯಿಗಳನ್ನು ಈ ವರ್ಷದ ವರಮಾನವೆಂದೇ ಬರೆಯಲಾಗಿದೆ. ಅದರಲ್ಲಿ 1,20,000 ರೂಪಾಯಿ ಇನ್ನೂ ವಾಯಿದೆ ತುಂಬದ ಸಾಲದ್ದು; ಕಂತಿನೊಡನೆ ಬರುವುದೆಂದು ನಂಬಬಹುದು. ಉಳಿದ 1,40,000 ರೂಪಾಯಿ ಸುಸ್ತಿಯಾದ ಸಾಲದ ಬಡ್ಡಿ. ಅಸಲನ್ನೇ ಕೊಡದವನಿಂದ ಬಡ್ಡಿಯು ಬಂದಿತೆಂದು ಲಾಭಕ್ಕೆ ಸೇರಿಸುವುದು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆಯೇ ಸರಿ. ಇದನ್ನು ಗಡುವು ಮೀರಿದ ಬಡ್ಡಿಯ ನಿಧಿಯೆಂದು ಬೇರೆ ಇಟ್ಟು, ನಗದು ಬಂದ ವರ್ಷದಲ್ಲಿ ಮಾತ್ರ ಲಾಭಕ್ಕೆ ತೆಗೆದುಕೊಳ್ಳತಕ್ಕದ್ದು. ಕೆಲವೆಡೆಗಳಲ್ಲಿ ಹಳೆಯ ಅಸಲಿಗೆ ಬಡ್ಡಿಯನ್ನು ಸೇರಿಸಿ, ಅದೇ ದಿನ ಹೊಸ ಪತ್ರ ಬರೆಯಿಸಿಕೊಂಡು, ಹಳೆಯ ಸಾಲವು ತೀರಿತೆಂದು ತೋರಿಸುವ ಪದ್ಧತಿಯುಂಟು. ಪುಸ್ತಕದಲ್ಲಿ ಸುಸ್ತಿಯು ಮಾಯವಾಗುವುದಾದರೂ ಪೆಟ್ಟಿಗೆಗೆ ಒಂದು ಕಾಸೂ ಬಂದಿರುವುದಿಲ್ಲ.

2. ದಾಸ್ತಾನು. ಸಂಘವು ಸುಗ್ಗಿಯಲ್ಲಿ 160 ಕ್ವಿಂಟಾಲ್ ಭತ್ತವನ್ನು ಕ್ವಿಂಟಾಲಿಗೆ 2,200 ರೂಪಾಯಿಯಂತೆ 3,52,000 ರೂಪಾಯಿಗೆ ಕೊಂಡಿತು. ಮಳೆಗಾಲದ ವೇಳೆಗೆ ಧಾರಣೆಯು ಏರುವುದೆಂಬ ನಂಬಿಕೆಯಿಂದ 2,500 ರೂಪಾಯಿಯಂತೆ 4,00,000 ರೂಪಾಯಿ ಬೆಲೆ ಕಟ್ಟಲಾಗಿದೆ. ಇಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು ತೂಕದ ತಪ್ಪು. ನೂರಕ್ಕೆ 18 ಭಾಗ ತೇವವುಳ್ಳ 100 ಕ್ವಿಂಟಾಲ್ ಭತ್ತವು 14 ಭಾಗದ ತೇವಕ್ಕೆ ಒಣಗಿದರೆ ಸುಮಾರು 95 ಕ್ವಿಂಟಾಲ್ 35 ಕಿಲೋ ಮಾತ್ರ ಉಳಿಯುವುದು. ಕಾಳು ಒಂದೂ ಕಳೆಯದಿದ್ದರೂ ನೀರು ಹೋದಷ್ಟು ತೂಕವು ಇಳಿಯುವುದು. ಹೀಗೆ 160 ಕ್ವಿಂಟಾಲು ಸುಮಾರು 152½ ಆಗಿ, ಇಲಿ ಹೆಗ್ಗಣ ಹುಳುಗಳ ಪಾಲು ಕಳೆದು, ತಕ್ಕಡಿಯಲ್ಲಿ 152 ಕ್ವಿಂಟಾಲು ಬಂದಿತೆಂದು ಇಟ್ಟುಕೊಳ್ಳಬಹುದು. ಎರಡನೆಯದು ಬೆಲೆಯ ತಪ್ಪು. ದಾಸ್ತಾನಿಗೆ ಕೊಂಡ ಬೆಲೆ, ಅಥವಾ ಖರ್ಚು ಕಳೆದು ಮಾರಾಟದಿಂದ ದೊರೆಯುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ಅಂದಿನ ಪೇಟೆಯಲ್ಲಿ ಖರ್ಚು ಕಳೆದು 2,250 ರೂಪಾಯಿ ದೊರೆಯುವಂತಿದ್ದರೆ 152 ಕ್ವಿಂಟಾಲಿಗೆ 3,42,000 ರೂಪಾಯಿ ಆಗುವುದು. ಇದು ಕೊಂಡ ಬೆಲೆಗಿಂತಲೂ ಕಡಿಮೆ. ಆದುದರಿಂದ ಇದೇ ನಿಜವಾದ ಬೆಲೆ. ಪುಸ್ತಕದ ಬೆಲೆಯಲ್ಲಿ 58,000 ರೂಪಾಯಿ ತಗ್ಗಬೇಕು.

3. ಯಂತ್ರ. ವರ್ಷದ ಆದಿಯಲ್ಲಿ 8,00,000 ರೂಪಾಯಿಗೆ ಕೊಂಡ ಟ್ರ್ಯಾಕ್ಟರನ್ನು ಅದೇ ಬೆಲೆಗೆ ತೋರಿಸಲಾಗಿದೆ. ಒಂದು ವರ್ಷ ಬಾಡಿಗೆಗೆ ಉತ್ತ ಯಂತ್ರವು ಹೊಸದರ ಬೆಲೆಯನ್ನು ತರುವುದೇ? ಬಾಡಿಗೆಯನ್ನೆಲ್ಲ ವರಮಾನವೆಂದು ಹಿಡಿದು ಸವಕಳಿಯನ್ನು ಬಿಟ್ಟರೆ, ಯಂತ್ರವನ್ನೇ ಸ್ವಲ್ಪಸ್ವಲ್ಪವಾಗಿ ಮಾರಿ ಲಾಭವೆಂದು ತಿಂದಂತಾಗುವುದು. ನೂರಕ್ಕೆ 15ರಂತೆ ಕಳೆದರೆ ಮೊದಲ ವರ್ಷದ ಸವಕಳಿಯು 1,20,000 ರೂಪಾಯಿ. ಎರಡನೆಯ ವರ್ಷ ಉಳಿದ 6,80,000 ರೂಪಾಯಿಯ ಮೇಲೆ 1,02,000. ಮೂರನೆಯ ವರ್ಷ 86,700. ಮೂರು ವರ್ಷಗಳ ಕೊನೆಗೆ ಪುಸ್ತಕದ ಬೆಲೆಯು 4,91,300 ರೂಪಾಯಿಗೆ ಇಳಿಯುವುದು. ಈ ಸವಕಳಿಯ ಹಣವು ಸಂಘದಲ್ಲಿಯೇ ಉಳಿದರೆ ಮುಂದೆ ಹೊಸ ಯಂತ್ರಕ್ಕೆ ಒದಗುವುದು.

4. ಅಸಲು. 32,00,000 ರೂಪಾಯಿ ಸಾಲದ ಪೈಕಿ 1,50,000 ರೂಪಾಯಿಯನ್ನು ಊರು ಬಿಟ್ಟು ಹೋದವರೂ, ಜಾಮೀನುದಾರರಿಲ್ಲದವರೂ ಬಹುಕಾಲದಿಂದ ಉಳಿಸಿಕೊಂಡಿದ್ದಾರೆ. ಸಾಲಗಾರನ ಹೆಸರು ಪುಸ್ತಕದಲ್ಲಿದ್ದ ಮಾತ್ರಕ್ಕೆ ಸಾಲವು ಆಸ್ತಿಯಾಗಲಾರದು. ವಸೂಲಿಯ ಪ್ರಯತ್ನವನ್ನು ಬಿಡದೆ, ಅಷ್ಟು ಮೊತ್ತವನ್ನು ಸಂಶಯಾಸ್ಪದ ಸಾಲದ ನಿಧಿಗೆ ಲಾಭದಿಂದ ತೆಗೆದಿಡತಕ್ಕದ್ದು.

ಈಗ ಕೂಡಿಸಿ ನೋಡಬಹುದು. ಬಡ್ಡಿ 1,40,000, ದಾಸ್ತಾನು 58,000, ಸವಕಳಿ 1,20,000, ಅಸಲು 1,50,000. ಒಟ್ಟು 4,68,000 ರೂಪಾಯಿ. ಮೂರು ಲಕ್ಷದ ಲಾಭವೆಂದು ಬರೆದಿದ್ದ ಸಂಘಕ್ಕೆ ನಿಜವಾಗಿ ಆಗಿರುವುದು 1,68,000 ರೂಪಾಯಿಗಳ ನಷ್ಟ. ಕಾಯ್ದಿಟ್ಟ ನಿಧಿಯು ಆ ನಷ್ಟವನ್ನು ಹೊತ್ತು 1,32,000 ರೂಪಾಯಿಗೆ ಇಳಿಯುವುದು. ಇದನ್ನರಿಯದೆ ಷೇರಿಗೆ ನೂರಕ್ಕೆ 10ರಂತೆ 70,000 ರೂಪಾಯಿ ಹಂಚಿದರೆ, ಆ ಹಣವು ಎಲ್ಲಿಂದ ಬರುವುದು? ಪೆಟ್ಟಿಗೆಯಲ್ಲಿರುವ 2,40,000 ರೂಪಾಯಿಯಿಂದ. ಅಂದರೆ ಠೇವಣಿದಾರರು ಕೇಳಿದೊಡನೆ ಕೊಡಬೇಕಾದ ಹಣದಿಂದ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ತೆರಿಗೆಯ ವಿಚಾರ

ವ್ಯವಸಾಯದ ಆದಾಯಕ್ಕೆ ಕೇಂದ್ರ ಸರ್ಕಾರದ ಆದಾಯ ತೆರಿಗೆಯಿಲ್ಲವೆಂಬುದನ್ನು ಹಿಡುವಳಿದಾರರೆಲ್ಲರೂ ಬಲ್ಲರು. ಆದುದರಿಂದ ರೈತರ ಸಂಘಕ್ಕೂ ತೆರಿಗೆಯಿಲ್ಲವೆಂದು ಅನೇಕರು ನಂಬಿರುವರು. ಈ ನಂಬಿಕೆಯು ಪೂರ್ಣವಾಗಿ ಸರಿಯಲ್ಲ. ಹೊಲದ ಒಡೆಯನಿಗೇ ಅದು ಎಲ್ಲೆಡೆಯೂ ಸಲ್ಲದು: ಹೈನು ಮತ್ತು ಕೋಳಿ ಸಾಕಣೆಯ ಲಾಭವು ವ್ಯವಸಾಯದ ಆದಾಯವಲ್ಲ. 1961ರ ಕಾಯಿದೆಯ ಕೆಳಗಿನ ನಿಯಮಗಳ ಮೇರೆಗೆ, ಬೆಳೆಗಾರನು ತಾನೇ ಬೆಳೆದು ಸಂಸ್ಕರಿಸಿ ಮಾರಿದ ಕಾಫಿಯ ಆದಾಯದಲ್ಲಿ ನೂರಕ್ಕೆ 25 ಭಾಗವೂ, ಹುರಿದು ಪುಡಿ ಮಾಡಿ ಮಾರಿದರೆ 40 ಭಾಗವೂ ವ್ಯಾಪಾರದ ಆದಾಯವೆಂದು ಎಣಿಕೆಯಾಗುತ್ತಿತ್ತು.

ಸಂಘಕ್ಕೆ ದೊರೆಯುವ ವಿನಾಯಿತಿಯು ಬೇರೆ ಬಗೆಯದು. ಅದೇ ಕಾಯಿದೆಯ 80ಪಿ ವಿಭಾಗದಲ್ಲಿ, ಸದಸ್ಯರಿಗೆ ಸಾಲ ಕೊಟ್ಟ ಲಾಭ, ಸದಸ್ಯರು ಬೆಳೆದ ಉತ್ಪನ್ನವನ್ನು ಮಾರಿದ ಲಾಭ, ಅವರಿಗೆ ಒದಗಿಸಲು ಬೀಜ, ಉಪಕರಣ, ಜಾನುವಾರು ಕೊಂಡುಕೊಟ್ಟ ಲಾಭ, ಇವುಗಳಿಗೆ ಬಾಬುವಾರು ಕಡಿತವನ್ನು ಕೊಡಲಾಗಿತ್ತು. 2025ರ ಹೊಸ ಕಾಯಿದೆಯು 2026ರ ಏಪ್ರಿಲ್ 1ನೆಯ ತಾರೀಖಿನಿಂದ ಅನ್ವಯಿಸುವುದರಿಂದ ವಿಭಾಗಗಳ ಸಂಖ್ಯೆಗಳನ್ನು ಲೆಕ್ಕಪರಿಶೋಧಕರಿಂದ ಹೊಸದಾಗಿ ತಿಳಿದುಕೊಳ್ಳತಕ್ಕದ್ದು.

ಬಾಬುವಾರು ಎಂಬ ಮಾತಿನ ಮಹತ್ವವು ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯ ಮೊಕದ್ದಮೆಯಿಂದ ತಿಳಿಯುವುದು. ಸದಸ್ಯರ ಉತ್ಪನ್ನವನ್ನು ಮಾರಿ ಬಂದ ಹಣದಲ್ಲಿ ಒಡನೆ ಬೇಡವಾಗಿದ್ದುದನ್ನು ಆ ಸಂಘವು ಅಲ್ಪಾವಧಿ ಠೇವಣಿ ಮುಂತಾದುವುಗಳಲ್ಲಿ ತೊಡಗಿಸಿತ್ತು. ಅದರಿಂದ ಬಂದ ಬಡ್ಡಿಯು ಸಂಘದ ವ್ಯಾಪಾರದ ಲಾಭವಲ್ಲ, ಇತರ ಮೂಲದ ಆದಾಯ; ಆದುದರಿಂದ ಆ ಕಡಿತವು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ತೀರ್ಪಿತ್ತಿತು. ಸದಸ್ಯರ ವ್ಯವಹಾರ, ಸದಸ್ಯರಲ್ಲದವರ ವ್ಯವಹಾರ, ಠೇವಣಿಯ ಬಡ್ಡಿ, ಯಂತ್ರದ ಬಾಡಿಗೆ, ಇವುಗಳಿಗೆ ಬೇರೆ ಬೇರೆ ಖಾತೆಗಳನ್ನು ವರ್ಷದ ಮೊದಲಿನಿಂದಲೇ ಇಟ್ಟರೆ ನ್ಯಾಯವಾದ ಕಡಿತವನ್ನು ಕಳೆದುಕೊಳ್ಳುವ ಭಯವಿಲ್ಲ. ತೆರಿಗೆ ಕೊಡಬೇಕಾದುದೇನೂ ಇಲ್ಲವೆಂದು ಲೆಕ್ಕಪಟ್ಟಿಯನ್ನು ಸಲ್ಲಿಸದೆ ಇರುವುದೂ ತಪ್ಪು. 2018–19ನೆಯ ನಿರ್ಧಾರಣೆಯ ವರ್ಷದಿಂದ, ಗಡುವಿನೊಳಗೆ ಸಲ್ಲಿಸದವರಿಗೆ 80ಪಿ ಕಡಿತವು ದೊರೆಯದೆಂಬ ನಿಯಮವಾಯಿತು.

ನಿರ್ದೇಶಕರು ಮಾಡತಕ್ಕ ಕೆಲಸ

ಇದಕ್ಕೆಲ್ಲ ದೊಡ್ಡ ಪಾಂಡಿತ್ಯವು ಬೇಕಾಗಿಲ್ಲ. ಮಾರ್ಚ್ 31ರಂದು ಇಬ್ಬರು ನಿರ್ದೇಶಕರು ಉಗ್ರಾಣದಲ್ಲಿ ನಿಂತು ದಾಸ್ತಾನನ್ನು ತೂಗಿಸಿ ರುಜು ಹಾಕಬೇಕು. ಅಂದೇ ಪೆಟ್ಟಿಗೆಯ ನಗದನ್ನು ಎಣಿಸಬೇಕು. ಸುಸ್ತಿದಾರರ ಪಟ್ಟಿಯನ್ನು ಒಂದು ವರ್ಷ, ಮೂರು ವರ್ಷ, ಅದಕ್ಕೂ ಮೀರಿದ್ದು ಎಂದು ವಿಂಗಡಿಸಿ ಓದಿಸಬೇಕು. ಆ ಪಟ್ಟಿಯಲ್ಲಿ ನಿರ್ದೇಶಕರ ಮತ್ತು ಅವರ ನೆಂಟರ ಹೆಸರಿದ್ದರೆ ಅದನ್ನು ಮೊದಲು ಓದಿಸಬೇಕು. ಠೇವಣಿದಾರರ ಪಾಸ್‌ಪುಸ್ತಕಗಳನ್ನು ಖಾತೆಯೊಡನೆ ತಾಳೆ ನೋಡಬೇಕು. ಲೆಕ್ಕಪರಿಶೋಧಕರ ಆಕ್ಷೇಪಣೆಗಳನ್ನು ಸರ್ವಸದಸ್ಯರ ಸಭೆಯಲ್ಲಿ ಪೂರ್ತಿಯಾಗಿ ಓದಿ, ಒಂದೊಂದಕ್ಕೂ ಉತ್ತರವನ್ನು ಬರೆಯಿಸಬೇಕು.

ನಷ್ಟವನ್ನು ಸಭೆಯಲ್ಲಿ ಹೇಳುವುದು ಯಜಮಾನರಿಗೆ ಸಂಕೋಚದ ವಿಷಯ. ಆದರೆ 1,68,000 ರೂಪಾಯಿಗಳ ನಷ್ಟವನ್ನು ಈ ವರ್ಷ ಒಪ್ಪಿಕೊಂಡ ಸಂಘಕ್ಕೆ ಇನ್ನೂ 1,32,000 ರೂಪಾಯಿಯ ನಿಧಿಯುಂಟು, ವಸೂಲಿಗೆ ಕಾಲವೂ ಉಂಟು. ಅದನ್ನೇ ಲಾಭವೆಂದು ಎರಡು ಮೂರು ವರ್ಷ ಹಂಚಿದ ಸಂಘಕ್ಕೆ ನಿಧಿಯೂ ಉಳಿಯದು, ಕಾಲವೂ ಉಳಿಯದು. ಬಿತ್ತನೆಯ ಬೀಜವನ್ನು ಎಷ್ಟೇ ಹಸಿವಾದರೂ ತಿನ್ನಬಾರದೆಂದು ಬಲ್ಲ ರೈತನಿಗೆ ಇದಕ್ಕಿಂತ ಹೆಚ್ಚಾಗಿ ಹೇಳಬೇಕಾದುದಿಲ್ಲ. ಮುಂದಿನ ಮಾರ್ಚ್ 31ಕ್ಕೆ ಉಗ್ರಾಣದ ಬಾಗಿಲು ತೆಗೆಯಿಸಿ, ತಕ್ಕಡಿಯನ್ನು ತರಿಸುವುದೇ ಮೊದಲ ಕೆಲಸ.